ಹದಿನೇಳು ಸಾಲು ಹಲಗೆ

ನನ್ನ ದಿನಚರಿಯ ಹಿಂದಿನ ಪುಟದಲ್ಲಿ ಒಂದು ಕೋಷ್ಟಕ ಇದೆ. ತಲೆಬರಹ: ಅಪ್ಪ ಚಪ್ಪಲಿ ಹಾಕಿಕೊಂಡು ಒಳಗೆ ಹತ್ತಿದ್ದು. ಜನವರಿ 13ರಿಂದ ಫೆಬ್ರವರಿ 5ರ ತನಕ ನಲವತ್ತಮೂರು ಗೀಟು, ಐದೈದರ ಕಟ್ಟು. ನಾನು ಕಣ್ಣಾರೆ ಕಂಡದ್ದು ಮಾತ್ರ. ನಾನು ಅಂಗಡಿಯಲ್ಲಿದ್ದಾಗ ಹತ್ತಿದ್ದು ಲೆಕ್ಕದಲ್ಲಿಲ್ಲ. ಸಿಟ್ಟು ಬಂದರೆ ನಾನು ಕೂಗಾಡುವವಳಲ್ಲ, ಗೀಟು ಹಾಕುವವಳು. ಆ ತಿಂಗಳು ಹಾಕಿದಷ್ಟು ಗೀಟು ಬೇರೆ ಯಾವ ತಿಂಗಳೂ ಹಾಕಿಲ್ಲ.

ಒಳಗೆ ಅಂದರೆ ಒಂದು ಹಳೆಯ ಹದಿನೇಳು ಸೀಟಿನ ಗಾಡಿಯ ಒಳಗೆ. ಶಹಾಬಾದದ ಒಂದು ಚಷ್ಮಾ ಅಂಗಡಿಯಲ್ಲಿ ನಾಲ್ಕು ವರ್ಷ ಕಣ್ಣು ತಪಾಸಣೆ ಮಾಡಿದ ಮೇಲೆ ನನಗೆ ಒಂದು ವರ್ಷದ ಬೇರೆ ಕೆಲಸ ಸಿಕ್ಕಿತ್ತು. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಹಾಗೇ ಅವುಗಳ ಸುತ್ತಲಿನ ಹಳ್ಳಿಗಳಿಗೆ ಹೋಗಿ ಕಣ್ಣು ನೋಡಿ ಚಷ್ಮಾ ಕೊಡುವುದು. ಸೋಮವಾರ ಹೊರಟರೆ ಶನಿವಾರ ಮನೆಗೆ. ಕೆಲಸ ಕೊಟ್ಟ ಸಂಸ್ಥೆಯವರು ಗಾಡಿ ಕೊಟ್ಟರು, ಸೀಟು ಕಿತ್ತು ಕೊಟ್ಟರು. ಮಂಚ, ಒಲೆ, ನೀರಿನ ಟಾಕಿ, ತಪಾಸಣೆಯ ಕುರ್ಚಿ ಎಲ್ಲ ನೀವೇ ಕೂರಿಸಿಕೊಳ್ಳಿ, ರಾತ್ರಿ ಆಯಾ ಊರಿನ ಆಸ್ಪತ್ರೆಯ ಕಾಂಪೌಂಡಿನಲ್ಲಿ ನಿಲ್ಲಿಸಿಕೊಂಡು ಅದರಲ್ಲೇ ಇರಿ ಅಂದರು. ಫೆಬ್ರವರಿ 2, ಸೋಮವಾರ ಬೆಳಿಗ್ಗೆ ಗಾಡಿ ವಾಡಿಯಲ್ಲಿ ಇರಬೇಕು, ಇಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನ ಹೆಸರಿನವರಿಗೆ ಅಂತಲೂ ಅಂದರು. ಅಂಗಡಿಗೆ ನಾನು ಆಗಲೇ ರಾಜೀನಾಮೆ ಕೊಟ್ಟಿದ್ದೆ.

ಸಂಸ್ಥೆಯ ಷರತ್ತು ಒಂದಾದರೆ ಅಪ್ಪನದು ಇನ್ನೊಂದು. ಅಪ್ಪ ಗೌಂಡಿ. ಮೂವತ್ತೊಂದು ವರ್ಷ ಮನೆಗಳಿಗೆ ಫರಸಿ ಕಲ್ಲು ಹಾಸಿದವನು. ಈಗ ಮೊಣಕಾಲು ಮಡಚುವುದಿಲ್ಲ, ದೊಡ್ಡ ಕೆಲಸಕ್ಕೆ ಹೋಗುವುದಿಲ್ಲ. ಗಾಡಿ ಅಂಗಳಕ್ಕೆ ಬಂದ ದಿನ, ಜನವರಿ 4, ರವಿವಾರ, ಅವನು ಬಾಗಿಲಲ್ಲಿ ನಿಂತು ಒಳಗಿನ ತುಕ್ಕು ಹಿಡಿದ ಕಬ್ಬಿಣದ ಹಾಳೆ ನೋಡಿದ.

“ಮನಿ ಅಂದ್ರ ನೆಲ,” ಅಂದ. “ಗ್ವಾಡಿ ಇಲ್ಲಂದ್ರೂ ನಡೀತದ, ಮಾಳಗಿ ಇಲ್ಲಂದ್ರೂ ನಡೀತದ. ನೆಲ ಇಲ್ಲಂದ್ರ ಅದು ಗಾಡಿ. ಗಾಡ್ಯಾಗ ನನ್ನ ಮಗಳು ಮಲಗಂಗಿಲ್ಲ.”

“ನೆಲ ಮಾಡಿದ್ರ?”

“ಮಾಡಿದ್ಮ್ಯಾಲ ನೋಡೋಣು. ಆದ್ರ ನಾ ಮಾಡ್ತೀನಿ. ಮಂದಿ ಕೈಲಿ ಅಲ್ಲ.”

ಅವನು ಹೇಳಿದ ನೆಲ ಕಲ್ಲಿನದು ಅಂತ ಬೇರೆ ಹೇಳಬೇಕಾಗಿಲ್ಲ. ನಮ್ಮ ಶಹಾಬಾದದಲ್ಲಿ ಮನೆ, ಗುಡಿ, ದರ್ಗಾ, ದನದ ಕೊಟ್ಟಿಗೆ ಎಲ್ಲಕ್ಕೂ ಅದೇ ಕಲ್ಲು. ಕಲ್ಲಲ್ಲದ ನೆಲವನ್ನು ಅವನು ನೆಲ ಅಂತ ಕರೆದದ್ದು ನಾನು ಕೇಳಿಲ್ಲ. ನಾನು ಟೇಪು ಹಿಡಿದು ಅಳೆದೆ: ಹನ್ನೊಂದು ಅಡಿ ಉದ್ದ, ಐದೂವರೆ ಅಡಿ ಅಗಲ. ಊರಿನ ಕಲ್ಲು ಪಾಲಿಶ್ ಯಾರ್ಡಿನ ಕಾಟಾದ ಮೇಲೆ ಒಂದು ಚದರಡಿ ಕಲ್ಲು ಇಟ್ಟು ತೂಗಿದೆ, ಆರು ಕಿಲೋ. ಗುಣಿಸಿ ತೋರಿಸಿದೆ: ಮುನ್ನೂರ ಅರವತ್ಮೂರು ಕಿಲೋ, ಕೆಳಗೆ ಹಾಕುವ ಸಿಮೆಂಟಿನ ಮಾಲು ಬಿಟ್ಟು.

“ಅಂದ್ರ ಆರು ಮಂದಿ,” ಅಂದ ಅಪ್ಪ. “ಹದಿನೇಳು ಮಂದೀನ ಹೊತ್ತ ಗಾಡಿ ಆರು ಮಂದೀನ ಹೊರಂಗಿಲ್ಲೇನು?”

“ಹೊರ್ತದ ಅಪ್ಪಾ. ಆದ್ರ ಗಾಡಿ ಕುಣೀತದ. ಚಿಂಚೋಳಿ ರೋಡ್ ನೀ ನೋಡೀಯಲ್ಲ. ನಾಕ್ ದಿನಕ್ಕ ಎಲ್ಲಾ ಕಲ್ಲು ಬಿರೀತದ.”

ಬಿರುಕಿನ ಮಾತು ಅವನಿಗೆ ತಿಳಿಯಿತು. ತನ್ನ ಕಲ್ಲು ಬಿರಿಯುವುದು ಅವನಿಗೆ ಬೇಕಿರಲಿಲ್ಲ. ಹಲಗೆಗೆ ಒಪ್ಪಿದ, ಒಪ್ಪಿದ ಮೇಲೆ ಅಂದ: “ಕಟ್ಟಿಗಿ ಮ್ಯಾಲ ಮನಷ್ಯಾ ಒಂದೇ ಸಲ ಮಲಗೋದು.”

“ಮುಂಜಾನೆದ್ದು ಏನ್ ಮಾತಾಡ್ತೀರಿ,” ಅಂತ ಅವ್ವ ಒಳಗಿನಿಂದಲೇ ಬೈದಳು.

ಹಲಗೆ ವಾಡಿಯಲ್ಲಿ ಸಿಕ್ಕಿತು. ಕಾರ್ಖಾನೆಗಳಿಗೆ ಯಂತ್ರ ಬರುವ ಪೆಟ್ಟಿಗೆಗಳನ್ನು ಬಿಚ್ಚಿ ಮಾರುವವನೊಬ್ಬನ ಹತ್ತಿರ ಪೈನ್ ಕಟ್ಟಿಗೆ ಇತ್ತು, ಹಗುರ, ಮಾಸಲು ಹಳದಿ. ಅದನ್ನು ಚಿತ್ತಾಪುರದ ಬಡಿಗನೊಬ್ಬನ ಹತ್ತಿರ ಒಯ್ದೆ. ಅವನು ನಾಲ್ಕಿಂಚು ಅಗಲಕ್ಕೆ ಸೀಳಿ, ಗೀಸಿ, ಒಂದರ ಅಂಚು ಇನ್ನೊಂದರ ಕಚ್ಚಿನೊಳಗೆ ಕೂರುವ ಹಾಗೆ ಮಾಡಿಕೊಟ್ಟ. ಮೂವತ್ತನಾಲ್ಕು ತುಂಡು, ಎರಡೆರಡು ಸೇರಿ ಹದಿನೇಳು ಸಾಲು. ಅವನು ಹೇಳಿದ್ದನ್ನು ನಾನು ಅವನೆದುರೇ ಬರೆದುಕೊಂಡೆ, ಜನವರಿ 8, ಗುರುವಾರ.

“ಮೂರೇ ಮಾತು, ತಂಗಿ. ಹಾಸೂಕಿಂತ ಮೊದ್ಲ ಎಲ್ಡ ದಿನ ಗಾಡ್ಯಾಗೇ ಇಡು, ಅದಕ್ಕ ಜಾಗ ಗೊತ್ತಾಗ್ಲಿ. ಸುತ್ತ ಗ್ವಾಡಿಗೆ ಒಂದ್ ಪೆನ್ಸಿಲ್ ದಪ್ಪ ಸಂದಿ ಬಿಡು. ಕಟ್ಟಿಗಿ ಉಸಿರಾಡ್ತದ, ಅದಕ್ಕ ಸರಿಯಾಕ ಜಾಗ ಬೇಕು. ಮತ್ತ ನೀರ್ ಹಾಕಬ್ಯಾಡ್ರಿ.”

“ನೀರ್ ಯಾಕ ಹಾಕ್ತೀವಿ ಕಾಕಾ?”

“ಹಾಕ್ತೀರಿ,” ಅಂದ ಬಡಿಗ. “ಶಾಬಾದ ಮಂದಿ ಹಾಕೇ ಹಾಕ್ತೀರಿ.”

ಆ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ. ಗೆರೆ ಎಳೆದದ್ದು ಅವ್ವನಿಗೆ ಹೇಳಿದ ಹಾಗಲ್ಲ ಅನ್ನುವುದು ಆಗ ಹೊಳೆಯಲಿಲ್ಲ.

ಮೊದಲ ಸಲ ಅಪ್ಪ ಜನವರಿ 11ರಿಂದ 13ರವರೆಗೆ ಹಾಸಿದ. ನಾನು ಅಂಗಡಿಯ ಕೊನೆಯ ದಿನಗಳಲ್ಲಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಬಂದು ನೋಡುತ್ತಿದ್ದೆ. ಕಬ್ಬಿಣದ ಹಾಳೆಯ ಮೇಲೆ ಒಂಬತ್ತು ಅಡ್ಡಪಟ್ಟಿ, ಅವುಗಳ ಮೇಲೆ ಉದ್ದಕ್ಕೆ ಹಲಗೆ. 13ರ ಸಂಜೆ ಹದಿನೇಳೂ ಸಾಲು ಮುಗಿದಿದ್ದವು. ಅಪ್ಪ ಚಪ್ಪಲಿ ಮೆಟ್ಟಿಕೊಂಡೇ ಅದರ ಮೇಲೆ ನಡೆದು ತೋರಿಸಿದ.

ನನಗೆ ಅದೇ ಮೊದಲು ಚುಚ್ಚಿತು. ಕಲ್ಲು ಹಾಸಿದ ಮನೆಯಲ್ಲಿ ಅವನು ಹಿಂದೆ ಹಿಂದೆ ಸರಿಯುತ್ತ ಕೆಲಸ ಮಾಡಿ, ಹೊಸ್ತಿಲ ಹೊರಗೆ ಇಳಿದ ಮೇಲೆ ತಿರುಗಿ ಚಪ್ಪಲಿಯ ಕಾಲು ಒಳಗೆ ಇಡುತ್ತಿರಲಿಲ್ಲ. ಮಾಲೀಕರು ಇಟ್ಟರೂ ಬೈಯುತ್ತಿದ್ದ.

“ಚಪ್ಪಲ್ ಬಿಡ್ ಅಪ್ಪಾ. ಹೊಸಾ ನೆಲ.”

“ಗಾಡ್ಯಾಗ ಯಾರ್ ಚಪ್ಪಲ್ ಬಿಡ್ತಾರ? ನೀ ಬಸ್ ಹತ್ತುವಾಗ ಬಿಡ್ತೀಯೇನು?”

ಮೊದಲ ಗೀಟು.

ಮರುದಿನ ಅಂಗಡಿಯಿಂದ ಬಂದ ಮೇಲೆ ಗಾಡಿಯನ್ನು ಪಾಲಿಶ್ ಯಾರ್ಡಿನ ಸಪಾಟು ನೆಲದಲ್ಲಿ ನಿಲ್ಲಿಸಿ ತಪಾಸಣೆಯ ಕುರ್ಚಿ ಕೂರಿಸಲು ಹೋದೆ. ಕಿವಿಯ ಮೇಲಿದ್ದ ಪೆನ್ಸಿಲ್ ಕೆಳಗೆ ಬಿತ್ತು. ಬಿದ್ದದ್ದು ನಿಲ್ಲಲಿಲ್ಲ, ಎಡಗೋಡೆಯಿಂದ ಬಲಗೋಡೆಗೆ ಉರುಳಿಕೊಂಡು ಹೋಯಿತು. ಎತ್ತಿ ಎಡಕ್ಕೆ ಇಟ್ಟೆ. ಮತ್ತೆ ಹೋಯಿತು. ಏಳು ಸಲ ಇಟ್ಟೆ, ಏಳು ಸಲವೂ. ಪಟ್ಟಿಯ ಎತ್ತರ ಅಳೆದೆ. ಎಡಗಡೆ ಒಂದೂಮುಕ್ಕಾಲು ಇಂಚು ಎತ್ತರ.

ಆಗಿದ್ದು ಇಷ್ಟು. ನಮ್ಮ ಅಂಗಳ ಮಳೆನೀರು ಹೋಗಲೆಂದು ಎಡಕ್ಕೆ ಇಳಿಜಾರು. ಗಾಡಿ ಅಲ್ಲಿ ನಿಂತಾಗ ಎಡಕ್ಕೆ ವಾಲಿತ್ತು. ಅಪ್ಪ ಮೂವತ್ತೊಂದು ವರ್ಷ ಮಾಡಿದ ಹಾಗೇ ಎರಡೂ ತುದಿ ತೆರೆದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡೂ ಕಡೆ ನೀರು ಎಲ್ಲಿ ನಿಂತಿತೋ ಅಲ್ಲಿಗೆ ಗುರುತು ಮಾಡಿ, ಎಡಗಡೆಯ ಪಟ್ಟಿಗಳ ಕೆಳಗೆ ಚಕ್ಕೆ ಕೊಟ್ಟು ಎತ್ತರಿಸಿದ್ದ. ನಮ್ಮ ಅಂಗಳದಲ್ಲಿ ಗಾಡಿ ನಿಂತಿರುವ ತನಕ ಅದು ಜಿಲ್ಲೆಯಲ್ಲೇ ಅತಿ ಸರಿಯಾದ ನೆಲ.

“ನೀ ಗಾಡಿ ಸೊಟ್ಟ ನಿಂದ್ರಿಸೀದಿ,” ಅಂದ ಅಪ್ಪ ಯಾರ್ಡಿಗೆ ಬಂದು.

“ಇದು ಸಪಾಟ್ ಅದ ಅಪ್ಪಾ. ನಿನ್ನ ಪೈಪ್ ತಂದು ನೋಡು.”

ತಂದು ನೋಡಿದ. ಎರಡು ಸಲ ನೋಡಿದ. ನೀರು ಅವನ ಪರವಾಗಿ ನಿಲ್ಲಲಿಲ್ಲ.

“ನೆಲ ನೀರಿಗೆ ಜವಾಬು ಕೊಡಬೇಕು,” ಅಂದ. “ಗಾಡಿಗಲ್ಲ.”

“ಈ ನೆಲ ಗಾಡಿ ಜೋಡಿ ತಿರಗತದ. ದಿನಾ ಒಂದೊಂದ್ ಊರಿನ ನೀರಿಗೆ ಹೆಂಗ ಜವಾಬು ಕೊಡಬೇಕು?”

ಅವನು ಪೈಪು ಸುತ್ತಿಟ್ಟ. ಮರುದಿನ ಸಂಜೆ ಇಬ್ಬರೂ ಕೂತು ನೂರ ಎಪ್ಪತ್ತು ಮೊಳೆ ಕಿತ್ತೆವು. ಮೂವತ್ತೊಂದು ಮೊಳೆ ನೆಟ್ಟಗಾಗಲಿಲ್ಲ. ಬೆರಳು ಜಜ್ಜಿಕೊಂಡದ್ದು ನಾನು ಎರಡು ಸಲ, ಅಪ್ಪ ಒಂದೂ ಇಲ್ಲ. ಉಳಿದ ದಿನ ಹದಿನೆಂಟು.

ಎರಡನೆಯ ಸಲ ನಾನು ಜೊತೆಗೇ ಇದ್ದೆ. ಅಂಗಡಿ 17ಕ್ಕೆ ಮುಗಿದಿತ್ತು. ಪಟ್ಟಿಗಳಿಗೆ ಚಕ್ಕೆ ಬೇಡ, ಹಾಳೆಯ ಮೇಲೇ ಸಮನಾಗಿ ಕೂರಲಿ ಅಂದೆ. ಪೈಪ್ ಹಿಡಿಯದೆ ಕೆಲಸ ಶುರು ಮಾಡುವುದಿಲ್ಲ ಅಂದ ಅಪ್ಪ. ಅರ್ಧ ದಿನ ವಾದದಲ್ಲಿ ಹೋಯಿತು. ಕೊನೆಗೆ ಎಡಗಡೆಯ ಎರಡು ಗಾಲಿಗಳ ಕೆಳಗೆ ಅಂಗಳದಲ್ಲಿದ್ದ ಫರಸಿ ತುಂಡುಗಳನ್ನು ಇಟ್ಟು ಗಾಡಿಯನ್ನೇ ನೆಟ್ಟಗೆ ಮಾಡಿದೆ. ಈಗ ಪೈಪಿನ ನೀರೂ ಒಪ್ಪಿತು, ಪಟ್ಟಿಗಳೂ ಸಮ ಬಂದವು. “ಹ್ಞಾಂ, ಈಗ ಖರೆ,” ಅಂದ ಅಪ್ಪ, ತಾನೇ ಕಂಡುಹಿಡಿದವನ ಹಾಗೆ.

ಖರೆಯಾದದ್ದು ಎರಡು ದಿನ. ಮೂರನೆಯ ದಿನ ನಾನು ಟಾಕಿ ತರಲು ಹೋಗಿ ಬರುವಷ್ಟರಲ್ಲಿ ಆರು ಹಲಗೆ ಎದ್ದು ಗೋಡೆಗೆ ಒರಗಿದ್ದವು. ಅಪ್ಪ ಗಾರೆ ಬಳಿಯುವ ಕರಣಿಯ ಹಿಡಿಯಿಂದ ಏಳನೆಯದನ್ನು ಬಡಿಯುತ್ತ ಕಿವಿಗೊಟ್ಟು ಕೇಳುತ್ತಿದ್ದ.

“ಪೊಳ್ಳ ಅದ,” ಅಂದ. “ಎಲ್ಲಾ ಪೊಳ್ಳ ಅವ.”

ಕಲ್ಲಿನ ಕೆಳಗೆ ಮಾಲು ಸರಿಯಾಗಿ ತುಂಬಿಲ್ಲದಿದ್ದರೆ ಬಡಿದಾಗ ಪೊಳ್ಳು ಸದ್ದು ಬರುತ್ತದೆ. ಅಂಥ ಕಲ್ಲನ್ನು ಎಬ್ಬಿಸಿ ಮತ್ತೆ ಕೂರಿಸದೆ ಬಿಡುವವನು ಗೌಂಡಿಯಲ್ಲ. ಹಲಗೆಯ ಕೆಳಗೆ ಎರಡು ಪಟ್ಟಿಗಳ ನಡುವೆ ಇರುವುದೇ ಗಾಳಿ, ಅದು ಪೊಳ್ಳೇ ಅನ್ನಬೇಕು ಅಂತ ಹೇಳಿದೆ.

“ಅಂದ್ರ ತಪ್ಪ್ ಅದಂತ ಗೊತ್ತಿದ್ದೂ ಹಂಗೇ ಬಿಡಬೇಕು?”

“ತಪ್ಪಲ್ಲ ಅಪ್ಪಾ. ಕಟ್ಟಿಗಿ ಸದ್ದೇ ಹಂಗ.”

“ಹಂಗಾದ್ರ ಕಟ್ಟಿಗೀನೇ ತಪ್ಪು.”

ಆರು ಹಲಗೆ ಮತ್ತೆ ಕೂರಿಸಲು ಒಂದು ದಿನ. ಸುತ್ತಲಿನ ಸಂದಿಗೆ ನಾನು ಬಿಗಿ ಕಾವಲು ಹಾಕಿದೆ. ಎಂಟು ಕೆಂಪು ಪೆನ್ಸಿಲ್ ತಂದು ಗೋಡೆ ಮತ್ತು ಹಲಗೆಯ ನಡುವೆ ನಿಲ್ಲಿಸಿ, ಅವು ಬಿಗಿಯಾಗದ ಹಾಗೆ ನೋಡಿಕೊಂಡು ಮೊಳೆ ಹೊಡೆಸಿದೆ. ಜನವರಿ 24, ಶನಿವಾರ ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯಿತು. ಪೆನ್ಸಿಲ್ ತೆಗೆದು ಎಣಿಸಿ ಎಂಟೂ ಡಬ್ಬಿಗೆ ಹಾಕಿದೆ. ಆ ದಿನದ ಪುಟದಲ್ಲಿ ‘ನೆಲ ಆಯಿತು’ ಅಂತ ಬರೆದು ಚೌಕಟ್ಟು ಹಾಕಿದ್ದೇನೆ. ಆ ಚೌಕಟ್ಟು ನೋಡಿದರೆ ಈಗಲೂ ಮೈ ಉರಿಯುತ್ತದೆ.

ರವಿವಾರ ನಾನು ಮಂಚದ ಕಬ್ಬಿಣಕ್ಕೆ ಬಣ್ಣ ಹೊಡೆಸಲು ಹೋಗಿದ್ದೆ. ಅಪ್ಪನ ಜೊತೆ ಇಪ್ಪತ್ತು ವರ್ಷ ಕಲ್ಲು ಹಾಸಿದ ಇನ್ನೊಬ್ಬ ಗೌಂಡಿ ನೆಲ ನೋಡಲು ಬಂದನಂತೆ. ಆಮೇಲೆ ಅವ್ವ ಅವನ ಮಾತನ್ನು ಅವನ ದನಿಯಲ್ಲೇ ಆಡಿ ತೋರಿಸಿದಳು.

“ಏನ್ ದೋಸ್ತ, ಗ್ವಾಡಿಗೆ ಬೊಟ್ಟ ಹೋಗುವಷ್ಟು ಸಂದಿ ಬಿಟ್ಟೀದಿ? ಟೇಪ್ ಮರತಿದ್ದೇನು?”

“ಕಟ್ಟಿಗಿಗಿ ಉಸಿರಾಡಾಕ ಬೇಕಂತ. ನನ್ನ ಮಗಳು ಬಿಡಿಸ್ಯಾಳ.”

“ಹೌದಪಾ, ಉಸಿರಾಡ್ತದ. ರಾತ್ರಿ ಗೊರಕೀನೂ ಹೊಡೀತಿರಬೇಕು.”

ಅವನು ಹೋದ ಮೇಲೆ ಅಪ್ಪ ಬಿಳಿ ಸಿಮೆಂಟು ಕಲಸಿ, ನಾಲ್ಕೂ ಕಡೆಯ ಸಂದಿಯನ್ನು ಕಟ್ಟಿ, ಗೋಣಿಚೀಲದ ತುಂಡಿನಿಂದ ಒರೆಸಿ ನಯ ಮಾಡಿದ. ಸಂಜೆ ನಾನು ಬಂದಾಗ ಹೇಳಲಿಲ್ಲ. ಅಂಚಿನಲ್ಲಿ ಬಿಳಿ ಗೆರೆ ಕಂಡು ನಾನು ಅದು ಗೋಡೆಯ ಬಣ್ಣದ ಕಲೆ ಅಂದುಕೊಂಡೆ. ಅಳೆಯಲಿಲ್ಲ. ದಿನಕ್ಕೆ ಮೂರು ಸಲ ಎಲ್ಲ ಅಳೆಯುವ ನಾನು ಅವತ್ತು ಅಳೆಯಲಿಲ್ಲ. ಇದನ್ನು ನನ್ನ ತಪ್ಪಿನ ಕಡೆಗೇ ಬರೆದುಕೊಂಡಿದ್ದೇನೆ.

26, ಸೋಮವಾರ, ಅವ್ವ ತನ್ನ ಕೆಲಸ ಮಾಡಿದಳು. ಹೊಸ ನೆಲ ಹಾಸಿದ ಮನೆಗೆ ಕಾಲಿಡುವ ಮೊದಲು ನೆಲ ತೊಳೆಯಬೇಕು. ಮಗಳು ಇರುವ ಮನೆ ಇದು, ಹಾಗಾಗಿ ಎರಡು ಕೊಡ ನೀರು ಸುರಿದು, ಪೊರಕೆ ಹಿಡಿದು ಮೂಲೆ ಮೂಲೆ ತೊಳೆದು, ಬಾಗಿಲಿನ ಪಟ್ಟಿಗೆ ಅರಿಶಿಣ ಕುಂಕುಮ ಹಚ್ಚಿ, ಧೂಳು ಹೋಗಬಾರದು ಅಂತ ಕಿಟಕಿ ಬಾಗಿಲು ಎಲ್ಲ ಹಾಕಿ ಇಳಿದಳು. ಕಲ್ಲಿನ ನೆಲವಾಗಿದ್ದರೆ ಅರ್ಧ ಗಂಟೆಯಲ್ಲಿ ಒಣಗಿ ಮಿರುಗುತ್ತಿತ್ತು. ಇಲ್ಲಿ ನೀರು ಹಲಗೆಯ ಕೆಳಗೆ ಇಳಿದು ಕಬ್ಬಿಣದ ಹಾಳೆಯ ಮೇಲೆ ನಿಂತಿತು. ಬಿಸಿಲಿಗೆ ಗಾಡಿ ಎರಡು ದಿನ ಮುಚ್ಚಿದ ಪಾತ್ರೆಯ ಹಾಗೆ ಬೆಂದಿತು.

28, ಬುಧವಾರ ಬೆಳಿಗ್ಗೆ ಬಾಗಿಲು ತೆಗೆದೆ. ನೆಲದ ನಡುವೆ ಒಂದು ಗುಡ್ಡ ಎದ್ದಿತ್ತು. ಹಿಗ್ಗಿದ ಹಲಗೆಗಳಿಗೆ ಗೋಡೆಯ ಕಡೆ ಸರಿಯಲು ಜಾಗವಿಲ್ಲದೆ, ಮೊಳೆ ಕಿತ್ತುಕೊಂಡು ಮೇಲಕ್ಕೆ ಬಂದಿದ್ದವು. ಎತ್ತರ ಅಳೆದೆ, ಎರಡೂಕಾಲು ಇಂಚು. ಒಳಗೆ ಒದ್ದೆ ಕಟ್ಟಿಗೆ ಮತ್ತು ಅರಿಶಿಣದ ವಾಸನೆ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಉಳಿದ ದಿನ ಐದು.

“ನೀರ್ ಹಾಕಬ್ಯಾಡ ಅಂತ ಯಾರರ ಹೇಳಿದ್ರೇನು ನಂಗ?” ಅಂದಳು ಅವ್ವ. “ತೊಳೀಲಾರದ ನೆಲದ ಮ್ಯಾಲ ಹೆಂಗ ಉಣಬೇಕು, ಹೆಂಗ ಮಲಗಬೇಕು? ನೀ ಎಲ್ಲಾ ಬರ್ಕೋತಿ. ಬರ್ದಿದ್ದು ನಂಗ ಯಾರ್ ಓದ್ತಾರ?”

ಅಪ್ಪನ ಕಡೆ ತಿರುಗಿದೆ.

“ಸಂದಿ ಯಾಕ ಮುಚ್ಚಿದಿ?”

“ಚಂದ ಕಾಣಲಿಲ್ಲ.”

“ಚಂದ ಯಾರಿಗ ಬೇಕಾಗಿತ್ತು?”

“ಅದು ನನ್ನ ಕೆಲಸ,” ಅಂದ. “ಮಂದಿ ನೋಡಿ ನನ್ನ ಕೆಲಸ ಅಂತಾರ, ನಿನ್ನ ಕೆಲಸ ಅನ್ನಂಗಿಲ್ಲ.”

ಆ ದಿನ ಪೂರ್ತಿ ಹಲಗೆ ಕಿತ್ತೆವು. ನೂರ ಎಪ್ಪತ್ತರಲ್ಲಿ ನಲವತ್ತೆಂಟು ಮೊಳೆ ತಾವೇ ಬಂದಿದ್ದವು. ಮೂವತ್ತನಾಲ್ಕು ತುಂಡುಗಳಲ್ಲಿ ಏಳು ಬಿಲ್ಲಿನ ಹಾಗೆ ಬಾಗಿದ್ದವು. ಫೋನಿನಲ್ಲಿ ಚಿತ್ತಾಪುರದ ಬಡಿಗ ಎಲ್ಲ ಕೇಳಿಸಿಕೊಂಡು ನಗಲಿಲ್ಲ, ಅದೇ ದೊಡ್ಡದು. “ನೆರಳಿನ್ಯಾಗ ಐದ್ ದಿನ ಒಣಗಲಿ. ಅದಕ್ಕ ಮೊದ್ಲ ಹಾಸಿದ್ರ ಮತ್ತ ಅದೇ ಹಾಡು. ಏಳು ಹೊಸಾವು ಕೊಯ್ದಿಡ್ತೀನಿ, ಈ ಕಡೆ ಬಂದಾಗ ಒಯ್ಯಿ,” ಅಂದ.

ಐದು ದಿನ ಅಂದರೆ ಫೆಬ್ರವರಿ 2. ನಾನು ಬೆರಳು ಮಡಚಿ ಎರಡು ಸಲ ಎಣಿಸಿದೆ, ಕ್ಯಾಲೆಂಡರ್ ನೋಡಿ ಎಣಿಸಿದೆ. ಹಲಗೆ ಒಣಗುವ ದಿನವೇ ನಾನು ವಾಡಿಯಲ್ಲಿರಬೇಕಾದ ದಿನ. ನೆಲವಿಲ್ಲದೆ ಹೊರಟರೆ ಅಪ್ಪನ ಮಾತು ಮುರಿದ ಹಾಗೆ, ಹೊರಡದಿದ್ದರೆ ಕೆಲಸ ಇನ್ನೊಬ್ಬರದು. ನಾಲ್ಕು ರಾತ್ರಿ ಪಟ್ಟಿ ಬರೆದೆ, ನಾಲ್ಕೂ ರಾತ್ರಿ ಎರಡೂ ಕಡೆ ಸಮ ಬಂತು. ರವಿವಾರ ಸಂಜೆ ಅಪ್ಪನಿಗೆ ಹೇಳಿದೆ: “ನಾ ನಾಳೆ ಹೋಗ್ತೀನಿ. ಕಬ್ಬಿಣದ ಹಾಳಿ ಮ್ಯಾಲ ಚಾಪಿ ಹಾಸ್ಕೊಂಡು ಮಲಗ್ತೀನಿ.” ಅವನು ಒಣಗಲು ಇಟ್ಟ ಹಲಗೆಗಳನ್ನು ತಿರುವಿ ಹಾಕುತ್ತಿದ್ದ.

ಸೋಮವಾರ ಬೆಳಿಗ್ಗೆ ಏಳಕ್ಕೆ ಗಾಡಿಯ ಬಾಗಿಲು ತೆಗೆದರೆ ಒಳಗೆ ಇಪ್ಪತ್ತೇಳು ಹಲಗೆ ಜೋಡಿಸಿಟ್ಟಿದ್ದವು. ಅವುಗಳ ಮೇಲೆ ಅಪ್ಪ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಅವನ ಚೀಲ, ಸುತ್ತಿಗೆ, ನೀರಿನ ಪೈಪು. ಕಾಲಲ್ಲಿ ಚಪ್ಪಲಿ.

“ನಡಿ,” ಅಂದ. “ತಡ ಆಗ್ತದ.”

“ನೀ ಎಲ್ಲಿಗೆ?”

“ನೆಲ ಮುಗಿದಿಲ್ಲಲ್ಲ.”

ಹೀಗೆ ನನ್ನ ಹೊಸ ಕೆಲಸದ ಮೊದಲ ವಾರ ಒಬ್ಬ ಗೌಂಡಿಯ ಜೊತೆ ಶುರುವಾಯಿತು. ಸಂತೋಷವಾಯಿತೇ ಅಂದರೆ ಇಲ್ಲ. ವಾಡಿಯಲ್ಲಿ ನಲವತ್ತೊಂದು ಮಂದಿ ಬಂದಿದ್ದರು. ತಪಾಸಣೆಯ ಕುರ್ಚಿ ಗಾಡಿಯೊಳಗೆ ಇರಬೇಕಿತ್ತು, ಅಪ್ಪ ಒಳಗಿದ್ದ ಕಾರಣ ಬೇವಿನ ಗಿಡದ ಕೆಳಗೆ ಇತ್ತು. ಬಿಸಿಲು ಸರಿದ ಹಾಗೆ ಕುರ್ಚಿಯನ್ನೂ ಅಕ್ಷರದ ಹಲಗೆಯನ್ನೂ ಆರು ಸಲ ಸರಿಸಿದೆ. ಪ್ರತಿ ಸಲವೂ ಅಂತರ ಮತ್ತೆ ಅಳೆಯಬೇಕು. ಒಬ್ಬ ಅಜ್ಜಿ ಅಕ್ಷರದ ಬದಲು ಚಿತ್ರ ನೋಡಿ ಹೇಳುತ್ತಿದ್ದಳು. ಒಳಗಿನಿಂದ ಸುತ್ತಿಗೆಯ ಪೆಟ್ಟು ಬಿದ್ದಾಗಲೆಲ್ಲ ನಿಲ್ಲಿಸಿಬಿಡುತ್ತಿದ್ದಳು.

“ಯವ್ವಾ, ನಿಮ್ಮ ಮನ್ಯಾಗ ಯಾರೋ ಬಾಗಿಲ ಬಡ್ಯಾಕತ್ತಾರ. ಹೋಗಿ ತಗೀ, ನಾ ಕುಂದರ್ತೀನಿ.”

“ಅವ್ರು ನಮ್ಮ ಅಪ್ಪಾರು, ಆಯಿ. ನೆಲ ಹಾಸಾಕತ್ತಾರ.”

“ಗಾಡಿಗಿ?” ಅಂದಳು. ಸಾಲಿನಲ್ಲಿದ್ದ ಅಷ್ಟೂ ಮಂದಿ ನಕ್ಕರು. ಒಬ್ಬನಂತೂ ಎದ್ದು ಹೋಗಿ ಬಾಗಿಲಲ್ಲಿ ಇಣುಕಿ, “ಫರಸಿ ಸಿಗಲಿಲ್ಲೇನ್ರಿ?” ಅಂತ ಕೇಳಿ ಬಂದ.

ವಾಡಿಯಲ್ಲಿ ಐದು ಸಾಲು. ರಾತ್ರಿ ನಾನು ಆ ಐದು ಸಾಲಿನ ಮೇಲೆ, ಅಪ್ಪ ಆಸ್ಪತ್ರೆಯ ವರಾಂಡದಲ್ಲಿ ಬಾಗಿಲಿಗೆ ಅಡ್ಡ. ಮಂಗಳವಾರ ಚಿತ್ತಾಪುರದಲ್ಲಿ ಮೂವತ್ತೆಂಟು ಮಂದಿ, ಏಳು ಹೊಸ ಹಲಗೆ, ಆರು ಸಾಲು. ಬಡಿಗ ಬಂದು ಅಪ್ಪನ ಕೆಲಸ ನೋಡುತ್ತ ನಿಂತ. ಅಪ್ಪ ಅವನ ಕಡೆ ನೋಡಲೂ ಇಲ್ಲ. ಬುಧವಾರ ಗುರುವಾರ ಸೇಡಂ, ಎರಡು ದಿನಕ್ಕೆ ಸೇರಿ ತೊಂಬತ್ತಾರು ಮಂದಿ, ಆರು ಸಾಲು. ಅಲ್ಲಿ ನನ್ನ ಪೆನ್ಸಿಲ್ ಡಬ್ಬಿ ಕಾಣೆಯಾಯಿತು. ಮೂರು ಸಲ ಪೆಟ್ಟಿಗೆ ಬರಿದು ಮಾಡಿ ಹುಡುಕಿದೆ. ಚಷ್ಮಾದ ನಂಬರು ಬರೆಯಲು ಒಬ್ಬ ಮಾಸ್ತರರ ಪೆನ್ನು ಕೇಳಿ ತೆಗೆದುಕೊಂಡೆ. ಸಿಟ್ಟಿನಲ್ಲಿ ಗಾಡಿ ಹತ್ತಿ ಕೇಳಿದೆ.

“ನನ್ನ ಪೆನ್ಸಿಲ್ ತಗೊಂಡಿಯೇನು?”

ಅಪ್ಪ ಗೋಡೆಯ ಕಡೆ ಬೊಟ್ಟು ಮಾಡಿದ. ಕೊನೆಯ ಸಾಲಿನ ಉದ್ದಕ್ಕೆ, ಗೋಡೆ ಮತ್ತು ಹಲಗೆಯ ನಡುವೆ, ನಾಲ್ಕು ಕೆಂಪು ಪೆನ್ಸಿಲ್. ಉಳಿದ ನಾಲ್ಕು ಎದುರುಗಡೆ. ನಾನು ಟೇಪು ತೆಗೆದು ಅಳೆದೆ. ಅವನು ನಾನು ಅಳೆಯುವುದನ್ನೇ ನೋಡುತ್ತ ಕೂತ. ಎಲ್ಲ ಕಡೆ ಸರಿಯಿತ್ತು. ಸಿಮೆಂಟು ಇರಬಹುದು ಅಂತ ಅವನ ಚೀಲದ ಪೊಟ್ಟಣವನ್ನೂ ತೆರೆದು ನೋಡಿದೆ. ಅದರಲ್ಲಿ ಅಡಿಕೆ ಇತ್ತು.

ಗುರುವಾರ ಸಂಜೆ ಐದಕ್ಕೆ ಹದಿನೇಳನೆಯ ಸಾಲು. ಅದು ಅರ್ಧ ಅಗಲಕ್ಕೆ ಸೀಳಬೇಕಾದದ್ದು. ಮಡಚದ ಕಾಲನ್ನು ಪಕ್ಕಕ್ಕೆ ಚಾಚಿ, ಒಂದು ಕಡೆ ವಾಲಿ ಕೂತು ಗರಗಸ ಹಿಡಿದು ತಾನೇ ಸೀಳಿದ. ಆಮೇಲೆ ಕರಣಿಯ ಹಿಡಿಯಿಂದ ಒಂದೊಂದೇ ಸಾಲು ಬಡಿದು ಕೇಳಿದ. ಹದಿನೇಳೂ ಸಾಲು. ಇನ್ನೊಂದು ಹಲಗೆ ಎಬ್ಬಿಸಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. “ಪೊಳ್ಳೇ ಅದ,” ಅಂದ. ಕರಣಿ ಚೀಲಕ್ಕೆ ಹಾಕಿದ.

ಶುಕ್ರವಾರ, ಫೆಬ್ರವರಿ 6. ಚಿಂಚೋಳಿಯಲ್ಲಿ ಒಂಬತ್ತೂವರೆಗೆ ಶಿಬಿರ. ಏಳೂವರೆಗೇ ಸೇಡಂ ಬಿಟ್ಟೆ. ಅಪ್ಪ ಹಿಂದೆ, ರಾತ್ರಿ ಕೂರಿಸಿದ ಮಂಚದ ಮೇಲೆ ಕೂತಿದ್ದ. ಒಂಬತ್ತು ಕಿಲೋಮೀಟರ್ ಹೋದ ಮೇಲೆ ಹಿಂದಿನಿಂದ ದನಿ ಬಂತು.

“ಯವ್ವಾ, ಗಾಡಿ ನಿಂದ್ರಸು.”

ನಿಲ್ಲಿಸಿದೆ. ಹಲಗೆ ಏನೋ ಎದ್ದಿರಬೇಕು ಅಂದುಕೊಂಡೆ. ತಿರುಗಿ ನೋಡಿದೆ. ನೆಲ ಸರಿಯಾಗಿತ್ತು. ಅಪ್ಪ ತನ್ನ ಪಾದ ನೋಡಿಕೊಳ್ಳುತ್ತಿದ್ದ. ಬರಿಗಾಲು.

“ಚಪ್ಪಲ್ ಎಲ್ಲಿ?”

“ಅಲ್ಲೇ,” ಅಂದ. “ದವಾಖಾನಿ ಅಂಗಳದಾಗ. ಬಾಗಲ ಮುಂದ ಬಿಟ್ಟಿದ್ನಿ.”

ನಾನು ಗಡಿಯಾರ ನೋಡಿದೆ. ಅವು ಎರಡು ವರ್ಷದ ಹಿಂದಿನ ಚಪ್ಪಲಿ, ಎಡಗಾಲಿನದಕ್ಕೆ ಹೊಲಿಗೆ ಹಾಕಿಸಿದ್ದು. ಬೇರೆ ಕೊಡಿಸುತ್ತೇನೆ ಅಂದೆ. ಬರಿಗಾಲಲ್ಲಿ ಚಿಂಚೋಳಿಯಲ್ಲಿ ಇಳಿದು ಅಂಗಡಿ ಹುಡುಕಲೇನು ಅಂದ. ಅಷ್ಟು ಹೊತ್ತಿಗೆ ಚಪ್ಪಲಿ ಅಂಗಡಿ ತೆರೆದಿರುತ್ತದೆಯೇ ಅಂತ ಲೆಕ್ಕ ಹಾಕಿದೆ, ತೆರೆದಿರುವುದಿಲ್ಲ. ಗಾಡಿ ತಿರುಗಿಸಿದೆ. ಇಡೀ ದಾರಿ, ನಲವತ್ತಮೂರು ಸಲ ಬಿಡು ಅಂದಾಗ ಬಿಡದವನು ಬಿಟ್ಟದ್ದು ಇವತ್ತೇ ಆಗಬೇಕಿತ್ತೇ ಅನ್ನುವುದೊಂದೇ ತಲೆಯಲ್ಲಿತ್ತು.

ಸೇಡಂ ಆಸ್ಪತ್ರೆಯ ಅಂಗಳದಲ್ಲಿ ಗಾಡಿ ನಿಂತಿದ್ದ ಜಾಗ ಬರಿದಾಗಿತ್ತು. ಎರಡು ಚಪ್ಪಲಿ ಜೋಡಿಯಾಗಿ, ಇಲ್ಲದ ಬಾಗಿಲಿನ ಮುಂದೆ ನೆಟ್ಟಗೆ ಇದ್ದವು. ಅಪ್ಪ ಇಳಿದು, ಮೆಟ್ಟಿಕೊಂಡು, ಗಾಡಿಯ ಬಾಗಿಲ ತನಕ ನಾಲ್ಕು ಹೆಜ್ಜೆ ನಡೆದ. ಅಲ್ಲಿ ನಿಂತ. ಚಪ್ಪಲಿ ಕಳಚಿದ. ಕೈಯಲ್ಲಿ ಹಿಡಿದುಕೊಂಡು ಒಳಗೆ ಹತ್ತಿ, ಎಲ್ಲಿ ಇಡಬೇಕು ಅಂತ ತಿಳಿಯದೆ, ಚಿಂಚೋಳಿಯ ತನಕ ಮಡಿಲಲ್ಲಿ ಇಟ್ಟುಕೊಂಡು ಕೂತ.

ಹದಿನೆಂಟು ಕಿಲೋಮೀಟರ್ ಹೆಚ್ಚು. ಚಿಂಚೋಳಿ ತಲುಪಿದ್ದು ಹತ್ತಕ್ಕೆ ಹತ್ತು ನಿಮಿಷ ಇದ್ದಾಗ. ಐವತ್ತೇಳು ಮಂದಿ ಕಾಯುತ್ತಿದ್ದರು, ಒಬ್ಬರು ಬೈದೂ ಬೈದರು. ಸಂಸ್ಥೆಯ ಫಾರ್ಮಿನಲ್ಲಿ ‘ತಡವಾದ ಕಾರಣ’ ಅಂತ ಒಂದು ಸಾಲಿದೆ. ‘ರಸ್ತೆ’ ಅಂತ ಬರೆದೆ. ಆ ವಾರದ ಬರಹದಲ್ಲಿ ಅದೊಂದೇ ಸುಳ್ಳು.

ಅವತ್ತು ಮೊದಲ ಸಲ ಕುರ್ಚಿ ಗಾಡಿಯ ಒಳಗಿತ್ತು. ಬಂದವರು ಬಾಗಿಲಲ್ಲಿ ನಿಂತು ಬಗ್ಗಿ ನೋಡಿ, ಹೇಳದೆಯೇ ಚಪ್ಪಲಿ ಬಿಟ್ಟು ಹತ್ತಿದರು. ಯಾಕೆಂದರೆ ಅಪ್ಪ ಬಾಗಿಲ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ, ಒಬ್ಬೊಬ್ಬರ ಕಾಲನ್ನೇ ನೋಡುತ್ತ.

ಸಂಜೆ ಬಸ್ ನಿಲ್ದಾಣದಲ್ಲಿ ಅವನನ್ನು ಇಳಿಸಿದೆ. ಚೀಲ ಹೆಗಲಿಗೆ ಹಾಕಿಕೊಂಡ, ನೀರಿನ ಪೈಪು ಸುತ್ತಿ ಹಿಡಿದುಕೊಂಡ.

“ನಾಳೆ ಶನಿವಾರ. ಊಟಕ್ಕ ಬರ್ತೀದಿ?”

“ಬರ್ತೀನಿ.”

“ಸೋಮವಾರ ಮತ್ತ ಹೋಗುವಾಕಿ ಇದ್ದೀದಿ,” ಅಂದ. ಕೇಳಿದ್ದಲ್ಲ, ಹೇಳಿದ್ದು. ಬಸ್ಸಿನ ಕಡೆ ಹೊರಟವನು ತಿರುಗಿದ. “ಚಪ್ಪಲ್ ಇಡಾಕ ಜಾಗಾ ಮಾಡು. ಹೊರಗ ಬಿಟ್ರ ನೀ ಬಿಟ್ಟ ಹೋಗ್ತೀದಿ. ಮಡಲಾಗ ಎಷ್ಟ ಮಂದಿ ಇಟ್ಕೋಬೇಕು?”

ಅವನು ಬಸ್ ಹತ್ತಿದ, ಚಪ್ಪಲಿ ಮೆಟ್ಟಿಕೊಂಡೇ. ನಾನು ದಿನಚರಿ ತೆರೆದು ಫೆಬ್ರವರಿ 6ರ ಮುಂದೆ ಸೊನ್ನೆ ಬರೆದೆ. ಅದರ ಕೆಳಗೆ ಬಾಕಿ ಕೆಲಸಗಳ ಪಟ್ಟಿ. ಮೊದಲನೆಯದು: ಬಾಗಿಲಿನ ಮೆಟ್ಟಿಲ ಒಳಗೆ ಚಪ್ಪಲಿಯ ಗೂಡು, ಹನ್ನೆರಡು ಇಂಚು ಅಗಲ, ಹತ್ತು ಇಂಚು ಆಳ. ಉಳಿದ ಹಲಗೆ ತುಂಡು ಸಾಕಾಗುತ್ತದೆ. ಮಾಡುವವರು ಯಾರು ಅನ್ನುವ ಅಂಕಣ ಖಾಲಿ ಬಿಟ್ಟಿದ್ದೇನೆ. ಅದೂ ಅವನೇ ಮಾಡುತ್ತಾನೆ, ಪೈಪು ಹಿಡಿದೇ ಮಾಡುತ್ತಾನೆ, ನನಗೆ ಗೊತ್ತಿದೆ.